ಇಂದುಮತಿಯ ಬಾಗಿಲು ತಟ್ಟಿದವರು

ಇಡೀ ಪುಟ್ಟೇನಹಳ್ಳಿಯಲ್ಲಿ, ತೀರಿಕೊಂಡವರಿಗೆ ಫೋನಿನಲ್ಲಿ ಕತೆ ಹೇಳಿದವನು ನಾನೊಬ್ಬನೇ. ಬೇಕಾದರೆ ವಿಚಾರಿಸಿ ನೋಡಿ. ಕೆರೆಯ ಆ ದಂಡೆಯಿಂದ ಈ ದಂಡೆಯವರೆಗೆ ಮಿಮಿಕ್ರಿ ಮಾಡುವವರು ಹತ್ತು ಜನ ಸಿಕ್ಕಾರು. ಸಾವಿನ ಮನೆಯಲ್ಲಿ ಭಜನೆ ನಿಲ್ಲಿಸಿದ ಧ್ವನಿ ಈ ಚಿರಂತನದು ಮಾತ್ರ.

ಬೆಳಿಗ್ಗೆ ಹತ್ತಕ್ಕೆ ನನ್ನ ಎಂಟ್ರಿ ಅಷ್ಟು ಜೋರಾಗಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಕೆಳಗಿನ ಮನೆಯ ಜಯಶೀಲಾ ಆಂಟಿಯ ಬಲಭುಜ ಹಿಡಿದು ನಿಂತಿದ್ದೆ. ಎಡಭುಜವನ್ನು ಅವರ ಗಂಡ ಗೌರೀಶಂಕರ ಅಂಕಲ್ ಹಿಡಿದಿದ್ದರು. ಅವರಲ್ಲಿ ದೇಹವನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕೂತಂತೆಯೇ ಮಣ್ಣು ಮಾಡುತ್ತಾರೆ.

"ಆ ಗೋಡೆ ಬೇಡ, ಬಾಗಿಲಿಗೆ ಅಡ್ಡ ಆಗ್ತದೆ. ಈ ಕಡೆ ಒರಗಿಸ್ರಪ್ಪ," ಎಂದರು ವಿಧಿ ನಡೆಸಲು ಬಂದಿದ್ದ ಏಕಾಂತಯ್ಯ ಅಯ್ನೋರು.

ಈ ಕಡೆ ಎಂದರೆ ಟಿವಿಯ ಎದುರು. ಆಂಟಿಯ ಹೊಲಿಗೆ ಮಷೀನನ್ನು ಪಕ್ಕಕ್ಕೆ ಎಳೆದೆವು. ಅದರ ಕಾಲುಗಳಿದ್ದಲ್ಲಿ ನೆಲದ ಮೇಲೆ ನಾಲ್ಕು ಕರೀ ಗುರುತುಗಳಿದ್ದವು. ಮೂವತ್ತು ವರ್ಷ ಸೀರೆಗಳಿಗೆ ಫಾಲ್ ಹಾಕುತ್ತ, ಒಂದು ಕಣ್ಣು ಟಿವಿಯ ಮೇಲಿಟ್ಟುಕೊಂಡು ಅವರು ಕೂರುತ್ತಿದ್ದ ಜಾಗ. ಹಿಂದಿನ ದಿನ ಮಧ್ಯಾಹ್ನ ಅಲ್ಲೇ, ಅರ್ಧ ಅಂಚು ಹೊಲಿದು, ತಲೆಯನ್ನು ಮಷೀನಿನ ಮೇಲೆ ಇಟ್ಟಿದ್ದರು. ನಿದ್ದೆ ಮಾಡ್ತಿದಾಳೆ ಎಂದುಕೊಂಡು ಅಂಕಲ್ ಫ್ಯಾನ್ ಹಾಕಿ ಹೋಗಿದ್ದರಂತೆ.

"ಅಲ್ಲೇ ಕೂತ್ಕೊಂಡ್ರು ನೋಡಿ," ಎಂದರು ಎದುರು ಮನೆಯ ಹಂಸಾ ಆಂಟಿ.

ಅರೆಕೆರೆಯಿಂದ ರಾತ್ರಿಯೇ ಬಂದಿದ್ದ ಮಗಳು ಮೇಘಶ್ರೀ ಒಂದು ದುಪ್ಪಟಿ ತಂದು ಟಿವಿಯ ಮೇಲೆ ಹೊದಿಸಿದಳು. ಅದು ಜಾರಿತು. ಮತ್ತೆ ಹೊದಿಸಿದಳು.

ಹಂಸಾ ಆಂಟಿ ನನ್ನ ತೋಳು ಹಿಡಿದು ಪಿಸುಗುಟ್ಟಿದರು. "ಚಿರಂತ್, ಆ ಮಷೀನಲ್ಲಿರೋ ಸೀರೆ ನಂದು ಕಣೋ. ಭಾನುವಾರ ಗೃಹಪ್ರವೇಶ ಇದೆ. ಕೇಳೋಕೂ ಆಗಲ್ಲ, ಬಿಡೋಕೂ ಆಗಲ್ಲ."

"ಅರ್ಧ ಫಾಲಲ್ಲೇ ಉಟ್ಕೊಳ್ಳಿ ಆಂಟಿ. ಯಾರು ಬಗ್ಗಿ ನೋಡ್ತಾರೆ."

"ಸಾವಿನ ಮನೇಲೂ ನಿಂದು ಇದೇ," ಎಂದು ತೋಳು ಬಿಟ್ಟರು. ನನಗೆ ನಗು ಬರಲಿಲ್ಲ. ಅಳುವೂ ಬರಲಿಲ್ಲ. ಅಂಗೈಯಲ್ಲಿ ಆಂಟಿಯ ಭುಜದ ತಣ್ಣನೆಯ ಸ್ಪರ್ಶ ಇನ್ನೂ ಇತ್ತು. ಕೈ ತೊಳೆಯಬೇಕೋ ಬೇಡವೋ ಗೊತ್ತಾಗಲಿಲ್ಲ.

*

ಐದು ತಿಂಗಳ ಹಿಂದೆ ಪೇಪರಿನಲ್ಲಿ ನಾಲ್ಕು ಸಾಲಿನ ಸುದ್ದಿ ಬಂದಿತ್ತು. ಹಳೆಯ ಜನಪ್ರಿಯ ಧಾರಾವಾಹಿಗಳನ್ನು ಮತ್ತೆ ಶುರು ಮಾಡುವ ಯೋಚನೆ ಇದೆ, ಅಷ್ಟೇ. ಯಾವುದು ಎಂದು ಇರಲಿಲ್ಲ. ಆಂಟಿ ಆ ಚೂರನ್ನು ಕತ್ತರಿಸಿ ಇಟ್ಟುಕೊಂಡಿದ್ದರು.

"ಲೋ, ನಿನ್ನ ಫೋನಲ್ಲಿ ನೋಡೋ. 'ಮೂರನೇ ಮಹಡಿ'ನೂ ಬರುತ್ತಾ ಅಂತ."

"ಯಾವ ಮಹಡಿ ಆಂಟಿ? ನಮ್ಮ ಬಿಲ್ಡಿಂಗಿಗೆ ಇರೋದೇ ಎರಡು."

"ತಲೆಹರಟೆ. ನೀನಿನ್ನೂ ಹುಟ್ಟೇ ಇರ್ಲಿಲ್ಲ ಬಿಡು."

ಆರುನೂರ ಹನ್ನೊಂದನೇ ಸಂಚಿಕೆಯಂತೆ. ನಾಯಕಿ ಇಂದುಮತಿ ಚಿಲಕದ ಮೇಲೆ ಕೈ ಇಟ್ಟಿದ್ದಾಳೆ. ಹೊರಗಿನಿಂದ ಯಾರೋ ಬಾಗಿಲು ತಟ್ಟುತ್ತಿದ್ದಾರೆ. ಅಲ್ಲಿಗೆ 'ಮುಂದುವರಿಯುವುದು' ಎಂದು ಬಂತು. ಮಾರನೆಯ ಸೋಮವಾರ ಅದೇ ಹೊತ್ತಿಗೆ ಅಡುಗೆ ಕಾರ್ಯಕ್ರಮ. ಯಾಕೆ ನಿಂತಿತು ಎಂದು ಯಾರೂ ಹೇಳಲಿಲ್ಲ. ಇಪ್ಪತ್ತಮೂರು ವರ್ಷವಾಗಿತ್ತು. ಆಂಟಿ ನಿನ್ನೆ ನಡೆದಂತೆ ಹೇಳುತ್ತಿದ್ದರು.

ನನ್ನಂಥವನ ಕೈಗೆ ಇಷ್ಟು ಸಿಕ್ಕರೆ ಸಾಲದೇ? ಆ ಸಂಜೆ ಎರಡನೇ ಸಿಮ್ಮಿನಿಂದ, ಐವತ್ತು ವರ್ಷದ ದಪ್ಪ ಗಂಟಲು ಮಾಡಿ, ನಮ್ಮ ಅಡುಗೆಮನೆಯಲ್ಲಿ ನಿಂತು ಫೋನ್ ಮಾಡಿದೆ.

"ನಮಸ್ಕಾರ ಮೇಡಂ. ನಾನು ಸೇತುರಾಮ್, 'ಮೂರನೇ ಮಹಡಿ'ಯ ಸಂಚಿಕೆ ನಿರ್ದೇಶಕ. ಮತ್ತೆ ಶುರು ಮಾಡ್ತಿದೀವಿ. ಹಳೇ ವೀಕ್ಷಕರ ಅಭಿಪ್ರಾಯ ಕೇಳೋಣ ಅಂತ."

ಕೆಳಗೆ ಮಷೀನಿನ ಸದ್ದು ನಿಂತಿತು. ಅದು ನಮ್ಮ ನೆಲದ ಮೂಲಕವೇ ನನಗೆ ಗೊತ್ತಾಯಿತು.

"ಒಂದ್ನಿಮಿಷ ಸಾರ್," ಎಂದರು ಆಂಟಿ. "ಪೆನ್ನು ತಗೊಳ್ತೀನಿ."

ಹತ್ತು ನಿಮಿಷ ಆಟವಾಡಿಸಿ, ಕೆಳಗಿಳಿದು ಹೋಗಿ, ಮುಖದ ವಿಡಿಯೋ ತೆಗೆದು ನಗುವುದು ಎಂದು ನನ್ನ ಸ್ಕ್ರಿಪ್ಟ್. ಆದರೆ ಅವರು ಪೆನ್ನು ತೆಗೆದುಕೊಂಡು ಬಂದರು. ಆಮೇಲೆ ಪ್ರತಿ ಗುರುವಾರ ಅವರೇ ಮಾಡುತ್ತಿದ್ದರು. ನಂಬರನ್ನು 'ಸೀರಿಯಲ್ ಸಾರ್' ಎಂದು ಸೇವ್ ಮಾಡಿಕೊಂಡಿದ್ದರು.

"ಇಂದುಮತಿ ಪಾತ್ರಕ್ಕೆ ಚಿಕ್ಕ ಹುಡುಗೀನ ಹಾಕ್ಬೇಡಿ ಸಾರ್. ಅವಳಿಗೂ ಈಗ ವಯಸ್ಸಾಗಿರ್ಬೇಕಲ್ವಾ, ನಮ್ಮ ಹಾಗೇ."

"ಬರ್ಕೊಂಡೆ ಮೇಡಂ."

"ಕಾಟನ್ ಸೀರೆ ಉಡ್ಸಿ. ಜರಿ ಸೀರೆ ಉಟ್ಕೊಂಡು ಯಾರಾದ್ರೂ ಕುಕ್ಕರ್ ಇಡ್ತಾರಾ?"

"ಖಂಡಿತ ಇಲ್ಲ ಮೇಡಂ."

ಒಂದು ಗುರುವಾರ ಹೇಳಿದರು. "ಒಂದೊಂದ್ಸಲ ಭಯ ಆಗುತ್ತೆ ಸಾರ್. ವಾಪಸ್ ತಂದು ಹಾಳ್ಮಾಡ್ಬಿಟ್ರೆ? ಅವಳು ಅಲ್ಲೇ ನಿಂತಿರೋದೇ ವಾಸಿ ಅನ್ಸುತ್ತೆ. ಆಮೇಲೆ ಅನ್ಸುತ್ತೆ, ಪಾಪ, ಇನ್ನೆಷ್ಟು ವರ್ಷ ಚಿಲಕ ಹಿಡ್ಕೊಂಡು ನಿಲ್ತಾಳೆ. ಹೊರಗಡೆ ಯಾರು ಸಾರ್? ಅದೊಂದು ಹೇಳ್ಬಿಡಿ."

"ಅದು ಸೀಕ್ರೆಟ್ ಮೇಡಂ. ಆದ್ರೆ ಟೆಲಿಕಾಸ್ಟಿಗೆ ಮುಂಚೆ ನಿಮ್ಮೊಬ್ಬರಿಗೇ ಹೇಳ್ತೀನಿ."

"ಮಾತು ಕೊಟ್ಟಿದೀರಾ."

"ಕೊಟ್ಟೆ," ಎಂದ ಸೇತುರಾಮ್. ಹೊರಗೆ ಯಾರಿದ್ದಾರೆ ಎಂದು ಸೇತುರಾಮನಿಗೆ ಗೊತ್ತಿರಲಿಲ್ಲ. ನನಗೆ ಎಲ್ಲಿಂದ ಗೊತ್ತಾಗಬೇಕು?

*

ಏಕಾಂತಯ್ಯ ಆಂಟಿಯ ಹಣೆಗೆ, ತೋಳಿಗೆ, ಕಿವಿಗಳಿಗೆ ವಿಭೂತಿ ಹಚ್ಚಿದರು. ಎಡ ಅಂಗೈಯಲ್ಲಿ ಲಿಂಗ ಇಟ್ಟು ಬೆರಳು ಮಡಿಸಿದರು. ಆಮೇಲೆ ಬಗ್ಗಿ ಬಲಗಿವಿಯಲ್ಲಿ ಮಂತ್ರ ಹೇಳಿದರು, ಅವರಿಗಷ್ಟೇ ಕೇಳುವಷ್ಟು ಸಣ್ಣಗೆ. ಮೇಘಶ್ರೀ ಅದನ್ನೇ ನೋಡುತ್ತಿದ್ದಳು.

"ಅಯ್ನೋರೇ, ಕಿವೀಲಿ ಇನ್ನೊಂದು ಮಾತು ಹೇಳ್ಸಬಹುದಾ?"

"ಏನಮ್ಮ ಅದು?"

"ಒಂದು ಸೀರಿಯಲ್ಲು. ಅದರ ಕೊನೆ ಹೇಳ್ತೀನಿ ಅಂತ ಆ ಡೈರೆಕ್ಟರು ಅಮ್ಮಂಗೆ ಮಾತು ಕೊಟ್ಟಿದ್ರು. ನಂಬರ್ ಇದೆ."

ಮೂಲೆಯಲ್ಲಿ ಕೂತಿದ್ದ ಭಜನೆಯವರು ಹಾಡು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದರು. "ಸೀರಿಯಲ್ಲಾ?" ಎಂದರು ಏಕಾಂತಯ್ಯ.

ಗೌರೀಶಂಕರ ಅಂಕಲ್ ಬೆಳಿಗ್ಗೆಯಿಂದ ಬಾಯಿ ಬಿಟ್ಟಿರಲಿಲ್ಲ. "ಹೇಳ್ಸಿ ಬಿಡಿ," ಎಂದರು. "ಐದು ತಿಂಗಳಿಂದ ಕಾಯ್ತಿದ್ಳು."

ಮೇಘಶ್ರೀ ಅಮ್ಮನ ಫೋನ್ ಒತ್ತುವ ಹೊತ್ತಿಗೆ ನಾನು ಚಪ್ಪಲಿ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದೆ. ಜೇಬು ನಡುಗತೊಡಗಿತು. ಅರ್ಧ ಮೆಟ್ಟಿಲಿನ ತಿರುವಿನಲ್ಲಿ, ಹಾಲ್ ಕಾಣುವ ಕಿಟಕಿಯ ಹತ್ತಿರ ನಿಂತು ತೆಗೆದೆ.

"ಸಾರ್, ನಾನು ಜಯಶೀಲಾ ಅವರ ಮಗಳು. ಅಮ್ಮ ನಿನ್ನೆ ಹೋದ್ರು. ಬಾಗಿಲು ತಟ್ಟಿದ್ದು ಯಾರು ಅಂತ ಹೇಳ್ಬಿಡಿ ಸಾರ್. ಸ್ಪೀಕರ್ ಹಾಕಲ್ಲ, ಅವರೊಬ್ಬರಿಗೇ ಅಂದಿದ್ರಂತಲ್ಲ. ಕಿವಿ ಹತ್ರ ಇಡ್ತೀನಿ."

ಸೇತುರಾಮ್ ಗಂಟಲು ಸರಿಮಾಡಿಕೊಂಡ. "ಇಂದುಮತಿ ಚಿಲಕ ತೆಗೆದಳು ಮೇಡಂ," ಎಂದ. "ಹೊರಗೆ ನಿಂತಿದ್ದವರು ನೀವೇ. ಕೈಯಲ್ಲಿ ಫಾಲ್ ಹಾಕಿದ ಕಾಟನ್ ಸೀರೆ. ಲೇಟಾಯ್ತಲ್ಲ ಜಯಶೀಲಾ, ಒಳಗೆ ಬನ್ನಿ, ಅಂದಳು."

ಹೇಗಿದೆ ಕ್ಲೈಮ್ಯಾಕ್ಸ್? ನನ್ನ ಗೆಳೆಯರಿಗೆಲ್ಲ ಹೀಗೇ ಹೇಳಿದ್ದೇನೆ. ಒಬ್ಬ ಕಣ್ಣೊರೆಸಿಕೊಂಡ.

ಅದು ನಡೆಯಲಿಲ್ಲ. ಆ ಮಾತುಗಳು ನನಗೆ ಹೊಳೆದದ್ದು ಮೂರು ದಿನದ ಮೇಲೆ, ಬನಶಂಕರಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಾಗ.

ನಡೆದದ್ದು ಇಷ್ಟು. ಬಾಯಿ ತೆರೆದೆ. ಸೇತುರಾಮನ ಧ್ವನಿ ಬರಲಿಲ್ಲ. ನನ್ನದೂ ಬರಲಿಲ್ಲ. ಭಜನೆ ನಿಂತಿದ್ದರಿಂದ ಹಾಲಿನ ಫ್ಯಾನಿನ ಸದ್ದು ನನಗೆ ಎರಡು ಸಲ ಕೇಳುತ್ತಿತ್ತು, ಒಮ್ಮೆ ಕಿಟಕಿಯಿಂದ, ಒಮ್ಮೆ ಫೋನಿನಿಂದ. ಕಿಟಕಿಯಾಚೆ ಆಂಟಿ ಟಿವಿಯ ಕಡೆ ಮುಖ ಮಾಡಿ ಕೂತಿದ್ದರು. ಮೇಘಶ್ರೀ ಅವರ ಕಿವಿಗೆ ಫೋನ್ ಒತ್ತಿ ಹಿಡಿದಿದ್ದಳು. ಕೈ ಸೋತಾಗ ಇನ್ನೊಂದು ಕೈಗೆ ಬದಲಾಯಿಸಿದಳು. ಅಂಕಲ್ ತಲೆ ತಗ್ಗಿಸಿ ನಿಂತಿದ್ದರು. ನಾನು ಕಟ್ ಮಾಡಲೂ ಇಲ್ಲ.

ಕೊನೆಗೆ ಅವಳೇ ಫೋನ್ ತೆಗೆದು, "ಥ್ಯಾಂಕ್ಸ್ ಸಾರ್," ಎಂದು ಇಟ್ಟಳು.

"ಹೇಳಿದ್ರಾ?" ಎಂದರು ಅಂಕಲ್.

"ಹೇಳಿರ್ತಾರೆ ಅಪ್ಪ."

ಭಜನೆ ಮತ್ತೆ ಶುರುವಾಯಿತು. ಗಾಡಿ ಬಂದಾಗ ಮೇಘಶ್ರೀ ಆ ಫೋನನ್ನು ನನ್ನ ಕೈಗೆ ಕೊಟ್ಟಳು. "ಇಟ್ಕೊಂಡಿರೋ ಚಿರಂತ್, ಯಾರಾದ್ರೂ ಮಾಡಿದ್ರೆ ಹೇಳು." ಆಂಟಿಯನ್ನು ಒಂದು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋದರು.

ಪರದೆಯಲ್ಲಿ 'ಸೀರಿಯಲ್ ಸಾರ್, ನಾಲ್ಕು ನಿಮಿಷ ಹನ್ನೊಂದು ಸೆಕೆಂಡು' ಎಂದಿತ್ತು. ಅದರ ಮೇಲೆ, ಗಾಜಿಗೆ ಅಂಟಿಕೊಂಡು, ಒಂದು ಕಿವಿಯ ಆಕಾರದ ವಿಭೂತಿ.