ತುರಚೆ ಸೊಪ್ಪಿನ ಬುಟ್ಟಿ

ಲೋಕದ ಯುದ್ಧ ನಮ್ಮ ಕೊಹಿಮಾದಲ್ಲಿ ಮಗ್ಗುಲು ಬದಲಾಯಿಸಿತು ಎಂದು ಓದಿದವರು ಈಗ ಹೇಳುತ್ತಾರೆ. ಇರಬಹುದು. ನಾನು ಕಂಡದ್ದು ಇಷ್ಟೇ: ಎಲ್ಲಿಂದಲೋ ಬಂದ ಎರಡು ದಂಡುಗಳು, ಇಂಗ್ಲಿಷರದೊಂದು ಜಪಾನಿಯರದೊಂದು, ಬಿಳಿ ಸಾಹೇಬರು ಚೆಂಡಾಡುತ್ತಿದ್ದ ಒಂದು ಅಂಗಳಕ್ಕಾಗಿ ವಾರಗಟ್ಟಲೆ ಹೊಡೆದಾಡಿದವು. ಸುಟ್ಟುಹೋದದ್ದು ನಮ್ಮ ಮನೆಗಳು. ನಮ್ಮನ್ನು ಒಂದು ಮಾತು ಕೇಳಿದವರು ಯಾರೂ ಇಲ್ಲ.

ನನ್ನ ತಮ್ಮ ಕ್ರೂಜೋ ಇಂಗ್ಲಿಷರ ದಂಡಿಗೆ ಕಾಡಿನಲ್ಲಿ ದಾರಿ ತೋರಿಸುತ್ತಿದ್ದ. ಮೇ ತಿಂಗಳಲ್ಲಿ ಒಂದು ದಿನ ಗುಂಡಿನ ಚೂರು ಬಡಿದು ಅವನ ಎಡಪಾದ ಜಜ್ಜಿಹೋಯಿತು. ತೆವಳಿಕೊಂಡೇ ನಮ್ಮ ಗದ್ದೆಯ ಗುಡಿಸಲಿಗೆ ಬಂದ. ಅಲ್ಲಿ ನಾನು, ನನ್ನ ಗೆಳತಿಯರು ವಿನುವೊ, ಅಬೈ ಅಡಗಿಕೊಂಡಿದ್ದೆವು. ನಾವು ಮೂವರೂ ಒಂದೇ ಓರಗೆಯವರು. ಚಿಕ್ಕಂದಿನಿಂದ ನಾಟಿ ಮಾಡಿದ್ದು, ಹೊರೆ ಹೊತ್ತದ್ದು, ಹಾಡಿದ್ದು ಎಲ್ಲ ಒಟ್ಟಿಗೇ.

ಮೂರನೆಯ ದಿನ ಕಾಲು ನಾರತೊಡಗಿತು. ಕಪ್ಪು ಮೆಲ್ಲಗೆ ಮೀನಖಂಡದತ್ತ ಏರುತ್ತಿತ್ತು. ಇಂಗ್ಲಿಷರ ದಂಡಿನ ಡಾಕ್ಟರು ಇದ್ದದ್ದು ಗುಡ್ಡದ ಆಚೆ, ಜೋತ್ಸೋಮಾದಲ್ಲಿ. ಅರ್ಧ ದಿನದ ದಾರಿ, ನಡುವೆ ಜಪಾನಿಯರ ಕಾವಲು.

“ನಾಳೆ ನೋಡೋಣ ಕಣೇ ಸೆನುವೊ, ಗುಂಡಿನ ಸದ್ದು ಕಮ್ಮಿಯಾಗ್ಲಿ,” ಎಂದಳು ಅಬೈ.

“ನಾಳೆ ನೋಡೋಕೆ ಹೆಣ ಇರತ್ತೆ. ಇವತ್ತೇ ಹೊರಡೋದು,” ಎಂದೆ.

ಹೊರೆ ಹೊರುವ ದೊಡ್ಡ ಬುಟ್ಟಿಯನ್ನು ತಂದು ತಮ್ಮನ ಮುಂದೆ ಇಟ್ಟೆ. ಅವನು ಅದನ್ನೂ ನನ್ನನ್ನೂ ನೋಡಿದ.

“ನಾನೇನು ಹಂದಿಮರೀನಾ?”

“ಹಂದಿಮರಿ ಆಗಿದ್ರೆ ಸುಟ್ಟು ತಿಂದು ನೆಮ್ಮದಿಯಾಗಿ ಇರ್ತಿದ್ದೆ. ಕೂರೋ ಸುಮ್ನೆ!”

ಮಂಡಿ ಮಡಚಿ ಕೂರಿಸಿದೆವು. ಹಸಿದು ಹಸಿದು ಅವನಲ್ಲಿ ಮೂಳೆ ಬಿಟ್ಟರೆ ಬೇರೆ ಭಾರ ಇರಲಿಲ್ಲ. ತಲೆಯ ಮೇಲೆ ಹರಕು ಹೊದಿಕೆ, ಅದರ ಮೇಲೆ ನಾವು ನಾರು ತೆಗೆಯಲು ಕೊಯ್ಯುವ ತುರಚೆ ಗಿಡದ ಹಸಿ ಸೊಪ್ಪು ಹೇರಿದೆ. ಒಳಗಿನಿಂದ ದನಿ ಬಂತು: “ಅಕ್ಕಾ, ನಿಂಗೆ ಬೇರೆ ಸೊಪ್ಪೇ ಸಿಗ್ಲಿಲ್ವಾ? ಕತ್ತೆಲ್ಲಾ ಉರೀತಿದೆ!”

“ಉರೀಲಿ. ಜೀವ ಇದೆ ಅಂತ ಗೊತ್ತಾಗತ್ತೆ.”

ವಿನುವೊ, ಅಬೈ ತಮ್ಮ ಬುಟ್ಟಿಗಳಿಗೆ ಭತ್ತ ತುಂಬಿಕೊಂಡರು. ಜಪಾನಿಯರು ಹಳ್ಳಿಯವರಿಂದ ಧಾನ್ಯ ಕೀಳುತ್ತಿದ್ದರು. ಹಿಡಿದರೆ ಅದನ್ನು ಕೊಟ್ಟು ಪಾರಾಗುವುದು ಎಂಬ ಲೆಕ್ಕ. ಅದು ಬಿತ್ತನೆಗೆಂದು ಉಳಿಸಿದ್ದ ಭತ್ತ. ಬೇರೆ ಇರಲಿಲ್ಲ. ಬುಟ್ಟಿಯ ಪಟ್ಟಿಯನ್ನು ಹಣೆಗೆ ಏರಿಸಿಕೊಂಡು, ಬೆಳಗಿನ ಮಂಜಿನಲ್ಲಿ ಹೊರಟೆವು. ಒಂದು ಸದ್ದೂ ಮಾಡಕೂಡದು ಎಂದು ನಾನೇ ಕಟ್ಟಪ್ಪಣೆ ಮಾಡಿದ್ದೆ.

ಆದರೆ ನಮ್ಮವರು ಹೊರೆ ಹೊತ್ತು ಸುಮ್ಮನೆ ಗುಡ್ಡ ಹತ್ತಿದವರೇ ಅಲ್ಲ. ಮುಂದಿನವಳು ಉಸಿರಿನ ಜೊತೆ ‘ಹೇ’ ಎನ್ನಬೇಕು, ಹಿಂದಿನವರು ‘ಹೋ’ ಎನ್ನಬೇಕು. ಆಗಲೇ ಹೆಜ್ಜೆಗೆ ಹೆಜ್ಜೆ ಕೂಡುವುದು. ಬಾಯಿ ಕಟ್ಟಿಕೊಂಡು ನಡೆದರೆ ಕಾಲು ಎಡವುತ್ತದೆ. ಎರಡು ಸಲ ಜಾರಿದೆ. ಮೂರನೆಯ ಕಡಿದಾದ ಏರಿನಲ್ಲಿ ಮೈಯೆಲ್ಲ ಬೆವರು, ಕಣ್ಣು ಕತ್ತಲೆ. ನನಗೇ ಅರಿವಿಲ್ಲದೆ ಬಾಯಿಂದ “ಹೇ” ಹೊರಟುಹೋಯಿತು.

ಹಿಂದಿನಿಂದ ಇಬ್ಬರೂ ಗಂಟಲು ಬಿಟ್ಟು “ಹೋ!” ಎಂದರು.

ಗುಡ್ಡವೆಲ್ಲ ಮೊಳಗಿತು. ಅಯ್ಯೋ, ಅಪ್ಪಣೆ ಕೊಟ್ಟವಳೂ ನಾನೇ, ಕೆಡಿಸಿದವಳೂ ನಾನೇ! ನನ್ನ ಬಾಯಿಗಿಷ್ಟು ಮಣ್ಣು ಹಾಕ! ಮೇಲಿನ ಬಂಡೆಯ ಹಿಂದೆ ಎರಡು ಬಂದೂಕುಗಳು ಎದ್ದವು. ವಿನುವೊ ಗರ ಬಡಿದವಳ ಹಾಗೆ ನಿಂತುಬಿಟ್ಟಳು.

“ನಿಲ್ಬೇಡ್ರೇ! ಹಾಡಿ!” ಎಂದು ಹಲ್ಲು ಕಚ್ಚಿ ಗದರಿದೆ. “ಈಗ ಸುಮ್ನಾದ್ರೆ ಕಳ್ಳರು ಅಂತ ಗೊತ್ತಾಗತ್ತೆ.”

ಹಾಡಿದೆವು. ಸುಗ್ಗಿಯಲ್ಲಿ ಕಣದಿಂದ ಮನೆಗೆ ಹೋಗುವವರ ಹಾಗೆ ಹಾಡುತ್ತ ನೇರ ಬಂದೂಕಿನ ಬಾಯಿಗೇ ನಡೆದೆವು.

ಇಬ್ಬರು ಸಿಪಾಯಿಗಳು. ಅಂಗಿ ಮೈಮೇಲೆ ಜೋಲುತ್ತಿತ್ತು, ಕೆನ್ನೆ ಒಳಹೊಕ್ಕಿತ್ತು. ಒಬ್ಬ ವಿನುವೊಳ ಬುಟ್ಟಿ ಕಸಿದು, ಒಂದು ಹಿಡಿ ಭತ್ತ ಬಾಚಿ ಬಾಯಿಗೆ ಹಾಕಿಕೊಂಡ. ಹಸಿ ಭತ್ತ, ಹೊಟ್ಟಿನ ಸಮೇತ! ಕರಕರ ಅಗಿದು ನುಂಗಿದ. ಈ ದಂಡಿನ ಕಥೆ ಮುಗಿಯಿತು ಎಂದು ನನಗೆ ಅಲ್ಲೇ ಗೊತ್ತಾಯಿತು. ಮೇಲಿನ ದೊಡ್ಡವರಿಗೆ ಗೊತ್ತಾಗಲು ಇನ್ನೂ ಎಷ್ಟೋ ದಿನ ಬೇಕಾಯಿತು.

ಆಮೇಲೆ ಅವನು ನನ್ನ ಬುಟ್ಟಿಯ ಕಡೆ ತಿರುಗಿದ. ನಾನು ಬೇಡವೆಂದು ಕೈಯಾಡಿಸಿದೆ. ಅವನು ಬಿಡಲಿಲ್ಲ, ಸೊಪ್ಪಿನೊಳಗೆ ಕೈ ತೂರಿಸಿದ. ಮರುಗಳಿಗೆ ಕಿರುಚಿಕೊಂಡು ಕೈ ಕೊಡವುತ್ತ ಕುಣಿದಾಡಿದ. ಇನ್ನೊಬ್ಬನಿಗೆ ನಗು ತಡೆಯಲಾಗಲಿಲ್ಲ. ಕುಣಿಯುತ್ತಿದ್ದವನು ಅವಮಾನಕ್ಕೆ ನನ್ನ ಕೆನ್ನೆಗೆ ರಪ್ಪನೆ ಬಾರಿಸಿದ.

ಪಟ್ಟಿ ಹಣೆಯಿಂದ ಜಾರಿತು, ಬುಟ್ಟಿ ವಾಲಿತು, ಒಳಗಿನಿಂದ ಕ್ರೂಜೋ ನರಳಿದ. ಅಬೈ ಆ ನರಳಾಟದ ಮೇಲೆಯೇ “ಹೋ” ಎಂದು ಎಳೆದಳು, ಉಸಿರು ಮುಗಿಯುವವರೆಗೆ ಎಳೆದಳು. ನಾನು ಪಟ್ಟಿ ಸರಿಪಡಿಸಿಕೊಂಡು ಹೊಡೆದವನ ಮುಖವನ್ನೇ ನೋಡುತ್ತ ನಿಂತೆ. ಸಿಪಾಯಿಗಳು ಭತ್ತದ ಬುಟ್ಟಿ ಎರಡನ್ನೂ ಎಳೆದುಕೊಂಡು, ಹೋಗಿ ಹೋಗಿ ಎಂದು ಕೈ ಬೀಸಿದರು.

ತಿರುವು ದಾಟಿದ ಮೇಲೆ ವಿನುವೊ ಅತ್ತಳು. “ಬಿತ್ತನೆ ಭತ್ತ ಹೋಯ್ತಲ್ಲೇ. ಮುಂದಿನ ವರ್ಷ ಏನು ತಿನ್ನೋದು?”

“ಕೆಸುವಿನ ಗೆಡ್ಡೆ ತಿನ್ನೋಣ, ಮಣ್ಣು ತಿನ್ನೋಣ. ಈಗ ಬುಟ್ಟಿ ತಗೋ, ನಿನ್ನ ಸರದಿ,” ಎಂದೆ. ಅಳುತ್ತಲೇ ಹೊತ್ತುಕೊಂಡಳು, ಪುಣ್ಯಾತ್ಗಿತ್ತಿ.

ಮಧ್ಯಾಹ್ನ ಜೋತ್ಸೋಮಾ ಮುಟ್ಟಿದೆವು. ಡಾಕ್ಟರು ಕಾಲಿನ ಬಟ್ಟೆ ಬಿಚ್ಚಿ ನೋಡಿ, ಪಕ್ಕದಲ್ಲಿದ್ದ ದುಭಾಷಿಗೆ ಏನೋ ಹೇಳಿದರು. ದುಭಾಷಿ ನಮ್ಮವನೇ. ತಲೆ ತಗ್ಗಿಸಿಕೊಂಡು ನನ್ನ ಕಡೆ ಬಂದ.

“ಮೊಣಕಾಲಿನ ಹತ್ರಕ್ಕೆ ಕತ್ತರಿಸ್ಬೇಕಂತೆ. ಇಲ್ದಿದ್ರೆ ಎರಡು ದಿನ ಅಷ್ಟೇ. ನಿಮ್ಮನೇಲಿ ಗಂಡಸರು ಯಾರಿದ್ದಾರೆ? ಒಂದು ಮಾತು ಕೇಳ್ಬೇಕಲ್ಲ.”

“ಬೇಡ ಅಕ್ಕಾ!” ಕ್ರೂಜೋ ನನ್ನ ಮುಂಗೈ ಹಿಡಿದುಕೊಂಡ. “ಒಂಟಿ ಕಾಲಲ್ಲಿ ಗದ್ದೆಗೆ ಇಳಿಯೋಕಾಗತ್ತಾ? ಯಾರ ಮನೆ ಹುಡುಗಿ ನನ್ನ ಕಣ್ಣೆತ್ತಿ ನೋಡ್ತಾಳೆ? ನಾನು ಹೀಗೇ ಸಾಯ್ತೀನಿ, ಬಿಡು.”

ಹತ್ತೊಂಬತ್ತು ವರ್ಷದ ಹುಡುಗ. ಗುಡ್ಡದ ಓಟದಲ್ಲಿ ಅವನನ್ನು ಹಿಂದೆ ಹಾಕಿದವರಿರಲಿಲ್ಲ.

“ಗಂಡಸರನ್ನ ಯಾಕೆ ಕೇಳ್ತೀಯ? ಹೊತ್ತು ತಂದವಳು ನಾನು,” ಎಂದೆ ದುಭಾಷಿಗೆ. “ಕತ್ತರಿಸೋಕೆ ಹೇಳು.”

ಕ್ರೂಜೋ ನನ್ನ ಕೈ ಕೊಡವಿಬಿಟ್ಟ. ಬೈದ. ಕೊಲೆಗಾತಿ ಎಂದ, ನೀನು ನನ್ನ ಅಕ್ಕನೇ ಅಲ್ಲ ಎಂದ, ನಮ್ಮವರು ಹೆಂಗಸರ ಎದುರು ಆಡದ ಮಾತುಗಳನ್ನೆಲ್ಲ ಆಡಿದ. ಡಾಕ್ಟರ ಕಡೆಯವರು ಎತ್ತಿಕೊಂಡು ಡೇರೆಯೊಳಗೆ ಹೋಗುವಾಗಲೂ ಬೈಯುತ್ತಲೇ ಇದ್ದ. ನಾನು ಡೇರೆಯ ಬಟ್ಟೆಗೆ ಬಾಯಿ ಇಟ್ಟು ಕೂಗಿದೆ: “ಬೈತಾ ಇರೋ! ನಿಲ್ಲಿಸ್ಬೇಡ, ಕೇಳ್ತಾ ಇದೀನಿ!”