ಐವತ್ಮೂರು ಕಿಲೋದ ಜಾಗ

ಒಂಬತ್ತು ದಿನದಿಂದ ಜಿಬೆಕ್ ಯಾರ ಮನೆಯ ಹೊಸ್ತಿಲನ್ನೂ ತುಳಿದಿರಲಿಲ್ಲ. ಅವರ ಊರು ಕೊಚ್ಕೊರ್‌ನಲ್ಲಿ ಯಾರ ಮನೆಗೆ ಹೋದರೂ ರೊಟ್ಟಿಯ ಚೂರನ್ನು ಬಾಯಿಗೆ ಹಾಕಿಕೊಳ್ಳದೆ ಹೊರಡುವ ಹಾಗಿಲ್ಲ. ಬಾಗಿಲಲ್ಲೇ ಮಾತಾಡಿ ಹೊರಟರೂ ರೊಟ್ಟಿ ಹಿಡಿದು ಹಿಂದೆಯೇ ಬರುತ್ತಾರೆ. ಒಂದು ಚೂರಿಗೆ ಏನೂ ಆಗುವುದಿಲ್ಲ, ನಿಜ. ಆದರೆ ಹಸಿದವಳ ಕೈ ಒಂದು ಚೂರಿಗೆ ನಿಲ್ಲಬೇಕಲ್ಲ. ಅದಕ್ಕೇ ಅವಳು ಬೆವರಿಳಿಸಲೆಂದು ಸುಡುಬಿಸಿಲಲ್ಲಿ ಎರಡೆರಡು ಜಾಕೆಟ್ ತೊಟ್ಟು, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೇನೋ ಎಂಬಂತೆ ಬೀದಿಯುದ್ದಕ್ಕೂ ಓಡುತ್ತಿದ್ದಳು. ಗೆಳತಿ ಬುರುಲಳ ತಾಯಿ ಕಾಲಿಮಾ ಅಪಾ ಗೇಟಿನಿಂದ ಎರಡು ಸಲ ಕೂಗಿದರೂ ತಿರುಗಿ ನೋಡಲಿಲ್ಲ. ಪದಕ ಗೆದ್ದ ಮೇಲೆ ಈ ಹುಡುಗಿಗೆ ಕೊಂಬು ಬಂದಿದೆ ಎಂದು ಕೇರಿಯಲ್ಲಿ ಮಾತಾಯಿತು.

ಕೊಂಬೂ ಇಲ್ಲ, ಬಾಲವೂ ಇಲ್ಲ. ಶನಿವಾರ ಕುಸ್ತಿ ತಂಡದ ಆಯ್ಕೆ ಇತ್ತು, ಒಂದೊಂದು ತೂಕದ ವಿಭಾಗಕ್ಕೆ ಒಬ್ಬಳೇ ಹುಡುಗಿ ರಾಜಧಾನಿ ಬಿಷ್ಕೆಕ್‌ಗೆ ಹೋಗುವುದು. ಚಳಿಗಾಲದವರೆಗೆ ಜಿಬೆಕ್ ನಲವತ್ತೊಂಬತ್ತು ಕಿಲೋದವಳು, ಬುರುಲ್ ಐವತ್ಮೂರರವಳು. ಒಬ್ಬಳ ದಾರಿಗೆ ಇನ್ನೊಬ್ಬಳು ಅಡ್ಡ ಬಂದಿರಲಿಲ್ಲ. ಹಿಮ ಕರಗುವ ಹೊತ್ತಿಗೆ, ಹಾಳಾದ್ದು, ಜಿಬೆಕಳ ಮೈ ಬೆಳೆದು ತೂಕ ಐವತ್ತು ದಾಟಿತು. ಹದಿನಾರರ ಹುಡುಗಿ, ಬೆಳೆಯದೆ ಇನ್ನೇನು ಮಾಡೀತು? ಕೋಚ್ ಸೈರಾ ಎಜೆ ತೂಕ ನೋಡಿ, ನೀನೂ ಐವತ್ಮೂರಕ್ಕೆ ಬಾ, ಬುರುಲ್ ಜೊತೆ ಆಡು, ಗೆದ್ದವಳು ಬಿಷ್ಕೆಕ್‌ಗೆ ಎಂದಿದ್ದರು. ನಿನ್ನ ಮೈಯಲ್ಲಿ ಕರಗಿಸಲು ಕೊಬ್ಬೇ ಇಲ್ಲ, ಉಪವಾಸ ಬಿದ್ದರೆ ಕರಗುವುದು ಕಸುವು ಎಂದು ಬೈದೂ ಇದ್ದರು. ಜಿಬೆಕ್ ತಲೆಯಾಡಿಸಿ ಮನೆಗೆ ಬಂದು, ಮತ್ತೆ ನಲವತ್ತೊಂಬತ್ತಕ್ಕೇ ಇಳಿಯಬೇಕೆಂದು ಗುಟ್ಟಾಗಿ ಊಟ ಬಿಟ್ಟಳು.

ಹಸಿವು ಅವಳನ್ನು ಕೂತಲ್ಲಿ ಕೂರಲು ಬಿಡಲಿಲ್ಲ. ಪಾಠದ ನಡುವೆ ಕಾಲು ತಾನಾಗಿ ಕುಣಿಯುತ್ತಿತ್ತು, ತಮ್ಮ ಜಗಿಯುವ ಸದ್ದು ಕೇಳಿದರೆ ಮೈಯೆಲ್ಲ ಉರಿ. ನಾಲಿಗೆಗೆ ಮೋಸ ಮಾಡಲು ಕುರುತ್ ಎಂಬ ಒಣಮೊಸರಿನ ಉಂಡೆ ಚೀಪಿದಳು. ಅದರ ಉಪ್ಪಿಗೆ ಬಾಯಾರಿ ಹೊಟ್ಟೆ ತುಂಬ ನೀರು ಕುಡಿದಳು, ತೂಕದ ಮುಳ್ಳು ಇದ್ದಲ್ಲೇ ಇತ್ತು. ಪೆದ್ದಿ. ಆದರೂ ಮನಸ್ಸಿಗೊಂದು ಸಮಾಧಾನ, ಇದೆಲ್ಲ ಗೆಳತಿಯ ಜಾಗ ಉಳಿಸಲಿಕ್ಕೆ ಅಂತ.

ಗುರುವಾರ ಅಭ್ಯಾಸದಲ್ಲಿ ಬುರುಲ್ ಅವಳ ಸೊಂಟ ಹಿಡಿದು ಎತ್ತಿದಳು. ಎತ್ತಿದ್ದಷ್ಟೇ ಗೊತ್ತು, ಕಣ್ಣಿಗೆ ಕತ್ತಲೆ ಕವಿದು, ಎಚ್ಚರವಾದಾಗ ಜಿಬೆಕ್ ಮ್ಯಾಟಿನ ಮೇಲೆ ಬಿದ್ದಿದ್ದಳು. ಬುರುಲ್ ರಟ್ಟೆ ಹಿಡಿದು ತನ್ನ ಮನೆಗೆ ಕರೆದೊಯ್ದು ಕೂರಿಸಿದಳು. ಕಾಲಿಮಾ ಅಪಾ ಮುಖ ಊದಿಸಿಕೊಂಡೇ ಮಾಂಸದ ಸಾರಿನ ಬೋಗುಣಿ ತಂದಿಟ್ಟರು. ಜಿಬೆಕ್ ಎಲ್ಲವನ್ನೂ ಹೇಳಿಬಿಟ್ಟಳು. ಗೆಳತಿ ತನ್ನನ್ನು ತಬ್ಬಿಕೊಂಡು ಅಳುತ್ತಾಳೆ ಎಂದೇ ಅವಳ ಎಣಿಕೆ.

"ನಾನೇನು ನಿನ್ ಹತ್ರ ಭಿಕ್ಷೆ ಬೇಡಿದ್ನೇನೇ?" ಎಂದಳು ಬುರುಲ್. "ನಿಜ ಹೇಳು. ನನ್ ಜಾಗ ಹೋಗುತ್ತೆ ಅಂತ ಹೆದರಿದ್ಯೋ, ನನ್ ಕೈಲಿ ಸೋಲ್ತೀನಿ ಅಂತ ಹೆದರಿದ್ಯೋ?"

ಜಿಬೆಕ್ ಬೋಗುಣಿಯತ್ತ ತಲೆ ತಗ್ಗಿಸಿದಳು. ನಾಚಿಕೆಗೆ ಕಿವಿ ಬಿಸಿಯಾಯಿತು.

"ಸೋಲ್ತೀನಿ ಅಂತ," ಎಂದಳು ಕೊನೆಗೆ.

"ಸೋತೇ ಸೋಲ್ತೀಯ ಬಿಡು. ಅದಕ್ಕೆ ಉಪವಾಸ ಯಾಕೆ? ಉಂಡು ಸೋಲು."

ಕಾಲಿಮಾ ಅಪಾಗೆ ನಗು ತಡೆಯಲಾಗಲಿಲ್ಲ. ಜಿಬೆಕ್ ಅಳುತ್ತಲೇ ಮೂರು ಬೋಗುಣಿ ಖಾಲಿ ಮಾಡಿದಳು. ಮರುದಿನವೂ ಹೊತ್ತುಹೊತ್ತಿಗೆ ಉಂಡು, ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಮಾಡಿದಳು.

ಶನಿವಾರ ಅವಳ ತೂಕ ಐವತ್ತೆರಡು ದಾಟಿತ್ತು. ಸೈರಾ ಎಜೆ ಅವಳನ್ನು ಬುರುಲಳ ಎದುರಿಗೇ ನಿಲ್ಲಿಸಿದರು. ಬುರುಲ್ ಶುರುವಿಗೇ ಕೆಡವಿ ಎರಡು ಅಂಕ ಕಿತ್ತುಕೊಂಡಳು. ಆದರೆ ಜಿಬೆಕಳ ಕಾಲಲ್ಲಿ ಈಗ ಕಸುವಿತ್ತು. ಒಮ್ಮೆ ವೃತ್ತದಾಚೆ ತಳ್ಳಿ ಒಂದು ಅಂಕ ಪಡೆದಳು. ಕೊನೆಗಳಿಗೆಯಲ್ಲಿ, ಈ ವರ್ಷವಷ್ಟೇ ಉದ್ದವಾದ ಅವಳ ಕೈಗೆ ಬುರುಲಳ ಕಾಲು ಸಿಕ್ಕಿತು, ಎಳೆದು ಕೆಡವಿದಳು. ಮೂರಕ್ಕೆ ಎರಡು. ಗೆದ್ದಿದ್ದಳು.

ಬುರುಲ್ ಕೈ ಕುಲುಕಿ ನೆಟ್ಟಗೆ ಹೊರಗೆ ಹೋದಳು. ಜಿಬೆಕ್ ಹೋಗಿ ನೋಡಿದರೆ ಗೋಡೆಗೊರಗಿ ಕೂತು ಬಿಕ್ಕಿಬಿಕ್ಕಿ ಅಳುತ್ತಿದ್ದಾಳೆ. ಬರೀ ನೆಪಕ್ಕೆ ಹೇಳಿಕೊಂಡದ್ದು ಈಗ ನಿಜವಾಗಿಯೇ ಆಗಿಹೋಗಿತ್ತು, ಗೆಳತಿಯ ಜಾಗವನ್ನು ಅವಳೇ ಕಿತ್ತುಕೊಂಡಿದ್ದಳು. ಹೋಗಿ ಪಕ್ಕದಲ್ಲಿ ಕೂತಳು.

"ಒಂದು ವಾರ ನನ್ ಜೊತೆ ಮಾತಾಡ್ಬೇಡ," ಎಂದಳು ಬುರುಲ್, ಅವಳತ್ತ ನೋಡದೆ. "ಆಮೇಲೆ ನಾನೇ ಬರ್ತೀನಿ."

ಜಿಬೆಕ್ ತಲೆಯಾಡಿಸಿದಳು. ಬುರುಲ್ ಏಳಲಿಲ್ಲ, ಅವಳೂ ಏಳಲಿಲ್ಲ. ಇವತ್ತಿನ ದಿನವೂ ಆ ವಾರಕ್ಕೆ ಸೇರುತ್ತದೋ ಇಲ್ಲವೋ ಎಂದು ಕೇಳಬೇಕೆನಿಸಿತು. ಆದರೆ ಮಾತಾಡುವ ಹಾಗಿರಲಿಲ್ಲ.