ಸುದ್ದಿ ಹೊತ್ತ ಮುಖ

ನಾನು ನಗುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನನ್ನನ್ನು ಕಂಡವರೆಲ್ಲ ನಾನು ನಗುತ್ತಿದ್ದೇನೆಂದೇ ತಿಳಿಯುತ್ತಾರೆ. ಹುಟ್ಟುವಾಗ ನನ್ನ ಮೇಲ್ದುಟಿ ಸೀಳಿತ್ತು. ದಾವಣಗೆರೆಯ ವೈದ್ಯರೊಬ್ಬರು ಹೊಲಿದರು, ಹೊಲಿಗೆ ಎಡಗಡೆ ಸ್ವಲ್ಪ ಬಿಗಿಯಾಯಿತು. ಅಂದಿನಿಂದ ತುಟಿ ಮೇಲಕ್ಕೆ ಎಳೆದುಕೊಂಡೇ ಇದೆ, ಎರಡು ಹಲ್ಲು ಸದಾ ಹೊರಗೆ ಇಣುಕುತ್ತವೆ. ಶಾಲೆಯಲ್ಲಿ ಮೇಷ್ಟ್ರು ಹೊಡೆದಾಗ, ಹೊಡೆದರೂ ಹಲ್ಲು ಕಿರಿಯುತ್ತೀಯಾ ಎಂದು ಇನ್ನೆರಡು ಕೊಟ್ಟಿದ್ದರು. ಮದುವೆಯ ಫೋಟೋದಲ್ಲಿ ನಾನು ಬಹಳ ಖುಷಿಯಾಗಿ ಕಾಣುತ್ತೇನೆ. ಮಾವನವರು ತೀರಿಕೊಂಡ ದಿನ ಅವರನ್ನು ಕೂರಿಸಿ ತೆಗೆದ ಕೊನೆಯ ಫೋಟೋದಲ್ಲೂ ಅಷ್ಟೇ ಖುಷಿಯಾಗಿದ್ದೇನೆ.

ಇಂಥ ಮುಖವನ್ನು ಹೊತ್ತುಕೊಂಡು, ತೊಂಬತ್ತೈದರ ಮಾರ್ಚಿನಲ್ಲಿ, ಒಬ್ಬ ತಾಯಿಗೆ ಕೆಟ್ಟ ಸುದ್ದಿ ಹೇಳಲು ಹೋಗಬೇಕಾಗಿ ಬಂತು.

ಆಗ ನಾನು ಪೀಣ್ಯದಲ್ಲಿ ತಗಡು ಒತ್ತುವ ಒಂದು ಪ್ರೆಸ್ ಶಾಪಿನಲ್ಲಿ ಸೂಪರ್‌ವೈಸರ್. ಬೆಳಗಿನ ಪಾಳಿಯಲ್ಲಿ ದೇವರಾಜ ಎಂಬ ಹುಡುಗ, ಮಾಕಳಿಯವನು, ಪ್ರೆಸ್ಸಿನಲ್ಲಿ ಸಿಕ್ಕಿಕೊಂಡ ತಗಡನ್ನು ಬಿಡಿಸಲು ಕೈ ಹಾಕಿದ. ಪ್ರೆಸ್ ಇಳಿಯಿತು. ಬಲಗೈಯ ಮೂರು ಬೆರಳು ಹೋದವು. ಮುನಿಯಣ್ಣ ಎಂಬ ಹಳೆಯ ಆಪರೇಟರ್ ಅವನನ್ನು ಎತ್ತಿ ಕಂಪನಿ ವ್ಯಾನಿನಲ್ಲಿ ಮಲಗಿಸಿಕೊಂಡು ಯಶವಂತಪುರದ ಆಸ್ಪತ್ರೆಗೆ ಹೋದ. ನಾವು ನೆಲ ತೊಳೆಸಿದೆವು.

ಮಧ್ಯಾಹ್ನದ ಹೊತ್ತಿಗೆ ಮುನಿಯಣ್ಣನ ಫೋನ್ ಬಂತು. ಹೊಲಿಗೆ ಹಾಕಿದ್ದಾರೆ, ಜೀವಕ್ಕೇನೂ ಭಯವಿಲ್ಲ, ಆದರೆ ಹುಡುಗ ಒಂದೇ ಮಾತು ಹೇಳುತ್ತಿದ್ದಾನೆ, ತನ್ನ ತಾಯಿಗೆ ಇದು ಊರವರ ಬಾಯಿಂದ ಗೊತ್ತಾಗಬಾರದಂತೆ ಎಂದ. ಮಾಕಳಿಯ ಹತ್ತಾರು ಜನ ನಮ್ಮಲ್ಲಿ ಕೆಲಸಕ್ಕಿದ್ದರು. ಎರಡು ಗಂಟೆಗೆ ಪಾಳಿ ಬಿಟ್ಟು ಅವರು ಬಸ್ಸು ಹತ್ತಿದರೆ, ಹೆದ್ದಾರಿಯಲ್ಲಿ ಇಳಿಯುವಷ್ಟರಲ್ಲಿ ಬೆರಳು ಹೋದದ್ದು ಕೈ ಹೋದದ್ದಾಗಿ, ಮನೆ ಮುಟ್ಟುವಷ್ಟರಲ್ಲಿ ಹುಡುಗನೇ ಹೋದನೆಂದಾಗುತ್ತದೆ.

ಮ್ಯಾನೇಜರ್ ನನ್ನನ್ನು ಕರೆದರು. ನೀವೇ ಹೋಗಿಬನ್ನಿ ಕರಿಬಸಪ್ಪ, ನೀವು ಸಮಾಧಾನಸ್ಥರು, ಯಾವಾಗಲೂ ನಗುನಗುತ್ತಾ ಎಂದವರು ಅಲ್ಲಿಗೇ ನಿಲ್ಲಿಸಿ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಪಾಪ, ಒಳ್ಳೆಯ ಮನುಷ್ಯ. ನನ್ನ ಮುಖದ ವಿಷಯ ಬಂದಾಗಲೆಲ್ಲ ಒಳ್ಳೆಯವರು ಕ್ಯಾಲೆಂಡರನ್ನೋ ಫ್ಯಾನನ್ನೋ ನೋಡುತ್ತಾರೆ. ಹೊರಡುವಾಗ ಒಂದು ಬುದ್ಧಿಮಾತೂ ಹೇಳಿದರು: ಬೆರಳಿನ ಮಾತು ಎತ್ತಬೇಡಿ, ಸಣ್ಣ ಪೆಟ್ಟು ಅನ್ನಿ. ಪೀಣ್ಯದಲ್ಲಿ ಯಾರಿಗೆ ಏನಾದರೂ ಮನೆಯವರಿಗೆ ಹೋಗುವುದು ಸಣ್ಣ ಪೆಟ್ಟಿನ ಸುದ್ದಿಯೇ. ಕೇಳಿದವರು ಹೇಳಲು ಬಂದವನ ಮುಖ ನೋಡಿ ಪೆಟ್ಟು ಎಷ್ಟು ದೊಡ್ಡದೆಂದು ತಾವೇ ಅಳೆದುಕೊಳ್ಳುತ್ತಾರೆ. ಬಾಯಿ ಸುಳ್ಳು ಹೇಳಬೇಕು, ಮುಖ ನಿಜ ಹೇಳಬೇಕು. ನನ್ನದೋ ತಿರುಗುಮುರುಗು ಆಗಿತ್ತು.

ಸ್ಕೂಟರ್ ಹತ್ತಿದೆ. ದಾಸರಹಳ್ಳಿ ದಾಟುವವರೆಗೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ, ದಾಟಿದ ಮೇಲೆ ಮುಖವನ್ನು ಜೋಡಿಸಲು ಹೊರಟೆ. ಸ್ಕೂಟರಿನ ಕನ್ನಡಿಯಲ್ಲಿ ನೋಡಿಕೊಂಡು ತುಟಿ ಕೆಳಗೆಳೆದೆ, ಹಲ್ಲು ಇನ್ನಷ್ಟು ಹೊರಗೆ ಬಂತು. ಹುಬ್ಬು ಗಂಟಿಕ್ಕಿದರೆ ಯಾರನ್ನೋ ಅಣಕಿಸುವವನ ಹಾಗೆ ಕಂಡೆ. ಹಿಂದೆ ಬರುತ್ತಿದ್ದ ಲಾರಿಯವನು ಹಾರ್ನ್ ಬಾರಿಸಿ ಬೈದು ಮುಂದೆ ಹೋದ. ಆ ತಾಯಿ ನನ್ನನ್ನು ಎಂದೂ ನೋಡಿದವರಲ್ಲ. ಹೇಗೆ ನೋಡುತ್ತಾರೋ, ಏನೆಂದುಕೊಳ್ಳುತ್ತಾರೋ ಎಂಬ ದಿಗಿಲಿನಲ್ಲಿ ಎರಡು ಸಲ ಗಾಡಿ ನಿಲ್ಲಿಸಿದೆ. ವಾಪಸ್ಸು ತಿರುಗಿಸಿಬಿಡಲೇ ಎಂದೂ ಅನ್ನಿಸಿತು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ದೇವರಾಜನ ತಾಯಿ ಭಾಗ್ಯಮ್ಮ ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮನೆಯಲ್ಲಿ ಇವರಿಬ್ಬರೇ. ನಾನು ಗಾಡಿ ನಿಲ್ಲಿಸಿ, ದೇವರಾಜನ ಸೂಪರ್‌ವೈಸರ್ ಎಂದು ಹೇಳಿಕೊಂಡೆ. ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ನೋಡುತ್ತಿದ್ದ ಹಾಗೇ ಅವರ ಮುಖವೂ ಅರಳಿತು.

ಹುಡುಗನ ಕೆಲಸ ಕಾಯಂ ಆಗುವುದನ್ನು ಅವರು ಆರು ತಿಂಗಳಿಂದ ಕಾಯುತ್ತಿದ್ದರೆಂಬುದು ನನ್ನ ತಲೆಗೇ ಬಂದಿರಲಿಲ್ಲ. ಕಂಪನಿಯಿಂದ ದೊಡ್ಡವರೊಬ್ಬರು ನಗುತ್ತಾ ಮನೆಬಾಗಿಲಿಗೆ ಬಂದರೆ ಇನ್ನೇನು ತಾನೇ ಅರ್ಥ? ಕೂರಿ ಸಾಮಿ ಎಂದು ಚಾಪೆ ಹಾಸಿದರು. ಪಕ್ಕದ ಮನೆಯ ಕಡೆ ತಿರುಗಿ, ದೇವರಾಜನದು ಆಯಿತಂತೆ ಎಂದು ಕೂಗಿ ಹೇಳಿದರು. ಬೇಡಮ್ಮ ಎಂದು ಎದ್ದೆ. ಅವರು ಆಗಲೇ ಒಳಗೆ ಹೋಗಿದ್ದರು.

ಕೆಟ್ಟ ಸುದ್ದಿಯನ್ನು ನಿಂತ ಕಾಲಲ್ಲಿ ಹೇಳಬಾರದು ಎಂಬುದು ನಮ್ಮ ಕಡೆಯ ರೂಢಿ, ಇಲ್ಲಿಯದೂ ಅದೇ. ಕೂರಬೇಕು, ನೀರು ಕುಡಿಯಬೇಕು, ಅದೂ ಇದೂ ಮಾತಾಡಬೇಕು. ಆ ರೂಢಿಯೇ ಈಗ ನನ್ನ ಕತ್ತು ಹಿಡಿಯಿತು. ಭಾಗ್ಯಮ್ಮ ಚೊಂಬಿನಲ್ಲಿ ನೀರು, ಅಂಗೈಯಲ್ಲಿ ಸಕ್ಕರೆ ತಂದರು. ನನ್ನ ಕೈಗೆ ಕೊಡಲಿಲ್ಲ, ಮನೆಯ ಮಗನಿಗೆ ಹಾಕುವ ಹಾಗೆ ಬಾಯಿಗೇ ಹಾಕಿದರು. ಸಕ್ಕರೆ ನಾಲಗೆಯ ಮೇಲೆ ಕರಗುತ್ತಿತ್ತು. ಅವರು ಕೋಳಿಯ ಮಾತು, ಮನೆದೇವರ ಮಾತು, ಅಣ್ಣನ ಮಗಳನ್ನು ಸೊಸೆಯಾಗಿ ತಂದುಕೊಳ್ಳುವ ಮಾತು ಆಡುತ್ತಲೇ ಇದ್ದರು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಇದಕ್ಕಿಂತ ದೊಡ್ಡ ಪಾಪವಿಲ್ಲ ಅನ್ನಿಸಿತು.

“ಅಮ್ಮಾ, ನನ್ನ ಮುಖ ನೋಡ್ಬೇಡಿ, ಮಾತು ಕೇಳಿ,” ಎಂದೆ. “ನಾನು ನಗ್ತಾ ಇಲ್ಲ. ನನ್ನ ತುಟಿ ಹುಟ್ಟಿನಿಂದ ಹೀಗೇ ಇದೆ. ನಾನು ಒಳ್ಳೆ ಸುದ್ದಿ ತಂದಿಲ್ಲ.”

ಮೂವತ್ತೆಂಟು ವರ್ಷದಲ್ಲಿ ನನ್ನ ಮುಖದ ಬಗ್ಗೆ ನಾನಾಗಿಯೇ ಬಾಯಿಬಿಟ್ಟು ಆಡಿದ ಮೊದಲ ಮಾತು ಅದು. ಆಮೇಲೆ ಉಳಿದದ್ದನ್ನೂ ಹೇಳಿದೆ. ಸಣ್ಣ ಪೆಟ್ಟು ಅನ್ನಲಿಲ್ಲ. ಬಲಗೈ, ಮೂರು ಬೆರಳು, ಜೀವಕ್ಕೆ ಅಪಾಯವಿಲ್ಲ, ಆಸ್ಪತ್ರೆಯಲ್ಲಿದ್ದಾನೆ, ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದೆ.

ಅವರು ಕಿರುಚಲಿಲ್ಲ. ಅಂಗೈಗೆ ಅಂಟಿದ್ದ ಸಕ್ಕರೆಯನ್ನು ಸೆರಗಿಗೆ ಒರೆಸಿಕೊಂಡರು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದರು. ಆಮೇಲೆ ನನ್ನ ಮುಖವನ್ನು, ತುಟಿಯನ್ನು, ಹೊಲಿಗೆಯ ಗುರುತನ್ನು, ನಿಧಾನವಾಗಿ, ಏನೂ ಬಿಡದೆ ನೋಡಿದರು. ಹಾಗೆ ನನ್ನನ್ನು ಯಾರೂ ನೋಡಿರಲಿಲ್ಲ.

“ತಪ್ಪಾಯ್ತು ಸಾಮಿ,” ಎಂದರು. “ನಗ್ತಾ ಬಂದ್ರಿ ಅಂದ್ಕಂಡೆ. ನಿಮ್ ಮೊಕ ಸರಿಯಾಗಿ ನೋಡ್ನಿಲ್ಲ.”

ಮಗನ ಬೆರಳು ಹೋದ ಸುದ್ದಿ ಕೇಳಿದ ಹೆಂಗಸು ನನ್ನಲ್ಲಿ ತಪ್ಪಾಯಿತು ಎನ್ನುತ್ತಿದ್ದರು.

ಸ್ಕೂಟರಿನ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು, ನನ್ನ ಭುಜ ಹಿಡಿದು ಕೂತರು. ಜಾಲಹಳ್ಳಿ ಕ್ರಾಸ್ ಬಂತು. ಅಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡು ನಿಂತೆವು. ಮುಂದಿನದು ಕದಲುವುದಿಲ್ಲ, ಹಿಂದಿನದು ಬಿಡುವುದಿಲ್ಲ. ನಾನು ಸುಮ್ಮನೆ ಹಾರ್ನ್ ಒತ್ತುತ್ತಿದ್ದೆ. ಆಗ ಅವರು ಕಿವಿಯ ಹತ್ತಿರ ಬಾಗಿ ಕೇಳಿದರು.

“ಸಾಮಿ, ನಿಮ್ಗೆ ಗೊತ್ತಿರ್ತದೆ. ಅವನ ಕೈ ನೋಡ್ದಾಗ ನಾನೇನಂತ ಮಾತಾಡ್ಲಿ? ಏನಂದ್ರೆ ನೋಯಕಿಲ್ಲ?”

ನನಗೆ ಗೊತ್ತಿರುತ್ತದಂತೆ. ಇಷ್ಟು ವರ್ಷ ಈ ಮುಖವನ್ನು ಹೊತ್ತದ್ದಕ್ಕೆ ನನಗೆ ಸಿಕ್ಕ ಮೊದಲ ಮರ್ಯಾದೆ ಇದು. ನಮ್ಮವ್ವನ ನೆನಪಾಯಿತು. ನಮ್ಮವ್ವ ಸಾಯುವವರೆಗೂ ನನ್ನ ತುಟಿಯ ಮಾತೆತ್ತಲಿಲ್ಲ. ಮನೆಗೆ ಬಂದವರಿಗೆ ಕಣ್ಣಲ್ಲೇ ಎಚ್ಚರಿಕೆ ಕೊಡುತ್ತಿದ್ದಳು. ಮುದ್ದು ಮಾಡುವಾಗ ಬಲಗೆನ್ನೆಯನ್ನೇ ಮುಟ್ಟುತ್ತಿದ್ದಳು, ಎಡಗಡೆ ಕೈ ಬರುತ್ತಿರಲಿಲ್ಲ. ನನಗೆ ನೋವಾಗಬಾರದೆಂದೇ ಹಾಗೆ ಮಾಡಿದಳು. ನಾನು ಮಾತ್ರ ನನ್ನ ಮುಖದಲ್ಲಿ ಅವ್ವನೂ ನೋಡಲಾರದಂಥದ್ದು ಏನೋ ಇದೆ ಎಂದು ತಿಳಿದುಕೊಂಡೇ ದೊಡ್ಡವನಾದೆ.

ಅವ್ವನ ವಿಷಯ ಭಾಗ್ಯಮ್ಮನಿಗೆ ಹೇಳಲಿಲ್ಲ. ದೇವರಾಜನದೇ ಹೇಳಿದೆ. ಕೆಲಸಕ್ಕೆ ಸೇರಿದ ದಿನ ಅವನು ಎಲ್ಲರೆದುರೂ ಸುಮ್ಮನಿದ್ದು, ಊಟದ ಹೊತ್ತಿನಲ್ಲಿ ನನ್ನೊಬ್ಬನನ್ನೇ ಕಂಡು, ಬೇಜಾರಿಲ್ಲ ಅಂದರೆ ಕೇಳುತ್ತೇನೆ ಸಾರ್, ತುಟಿಗೆ ಏನಾಗಿತ್ತು ಎಂದಿದ್ದ. ಹೇಳಿದೆ. ನೋವಿದೆಯಾ ಎಂದ. ಇಲ್ಲ ಎಂದೆ. ಸರಿ ಸಾರ್ ಎಂದು ಡಬ್ಬಿಯ ಮುಚ್ಚಳ ತೆಗೆದು ಅನ್ನಕ್ಕೆ ಕೈ ಹಾಕಿದ. ಮತ್ತೆ ಎಂದೂ ಆ ಮಾತೆತ್ತಲಿಲ್ಲ, ಆದರೆ ಮಾತಾಡುವಾಗ ನನ್ನ ಮುಖ ಬಿಟ್ಟು ಬೇರೆ ಕಡೆಯೂ ನೋಡಲಿಲ್ಲ.

“ಅಷ್ಟೇ ಅಮ್ಮ,” ಎಂದೆ. “ಕೈ ನೋಡಿ. ಕೇಳೋದನ್ನ ಅವನನ್ನೇ ಕೇಳಿ. ಆಮೇಲೆ ಬೇರೆ ಮಾತಾಡಿ.”

ಲಾರಿ ಕದಲಿತು. ಹೇಳಿದ್ದು ಸರಿಯೋ ತಪ್ಪೋ ಎಂಬ ಚಿಂತೆ ನನ್ನನ್ನು ಹಿಡಿದುಕೊಂಡಿತು. ನನ್ನದು ಹುಟ್ಟಿನಿಂದ ಬಂದದ್ದು, ಅವನದು ಆ ಬೆಳಿಗ್ಗೆ ಆದದ್ದು. ನನಗೆ ಹಿತವಾದದ್ದು ಅವನಿಗೆ ಬೆಂಕಿಯಾದರೆ ಏನು ಗತಿ? ತಾಯಿಯ ಒಂದು ಮಾತು ತಪ್ಪಿದರೆ ಹುಡುಗ ಆ ಕೈಯನ್ನು ಇನ್ನೆಂದೂ ಹೊರಗೆ ತೆಗೆಯದೆ ಹೋಗಬಹುದು. ಮ್ಯಾನೇಜರ್ ಹೇಳಿದ ಹಾಗೆ ಸಣ್ಣ ಪೆಟ್ಟು ಎಂದು ಕೈ ತೊಳೆದುಕೊಂಡಿದ್ದರೆ ಇಷ್ಟು ತಾಪತ್ರಯವಿರಲಿಲ್ಲ ಎಂದುಕೊಂಡೇ ಗೊರಗುಂಟೆಪಾಳ್ಯ ದಾಟಿದೆ.

ವಾರ್ಡಿನಲ್ಲಿ ದೇವರಾಜ ಗೋಡೆಯ ಕಡೆ ತಿರುಗಿ ಮಲಗಿದ್ದ. ಬಲಗೈಯನ್ನು ಹೊದಿಕೆಯೊಳಗೆ ಇಟ್ಟುಕೊಂಡಿದ್ದ. ಮುನಿಯಣ್ಣ ಸ್ಟೂಲಿನ ಮೇಲೆ ಕೂತು ಫ್ಯಾನನ್ನು ನೋಡುತ್ತಾ, ಏನೂ ಆಗಿಲ್ಲ, ಎಲ್ಲ ಸರಿಹೋಗುತ್ತದೆ ಎಂದು ಒಂದೇ ಸಮನೆ ಹೇಳುತ್ತಿದ್ದ. ತಾಯಿಯನ್ನು ಕಂಡವನೇ ಟೀ ತರುತ್ತೇನೆಂದು ಎದ್ದು ಹೋದ.

ಭಾಗ್ಯಮ್ಮ ಮಂಚದ ಅಂಚಿನಲ್ಲಿ ಕೂತರು. ಮಗ ತಿರುಗಲಿಲ್ಲ. ಅವನ ಭುಜ ಮುಟ್ಟಲು ಎತ್ತಿದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿ ನನ್ನನ್ನು ನೋಡಿದರು. ಹೂಂ ಎಂದು ತಲೆಯಾಡಿಸಿದೆ.

“ತೋರ್ಸಪ್ಪ,” ಎಂದರು.

ಆಚೆ ಮಂಚದವನ ಕಡೆಯವರು ಮಾತು ನಿಲ್ಲಿಸಿ ಇತ್ತ ನೋಡಿದರು. ನಾನು ಅಡ್ಡ ನಿಂತೆ. ಕೊನೆಗೆ ದೇವರಾಜ ಮುಖ ತಿರುಗಿಸದೆಯೇ ಕೈಯನ್ನು ಮಾತ್ರ ಹೊರಗೆ ಚಾಚಿದ. ದಪ್ಪ ಬಟ್ಟೆ ಸುತ್ತಿದ್ದರೂ ಅದು ಮಕ್ಕಳ ಕೈಯಷ್ಟೇ ಮೊಂಡಾಗಿತ್ತು. ಭಾಗ್ಯಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ನೋಡಿದರು. ಕಣ್ಣೀರು ಇಳಿಯುತ್ತಿತ್ತು, ನೋಟ ಮಾತ್ರ ಕದಲಲಿಲ್ಲ.

“ಯಾವ್ಯಾವ ಬೆಳ್ಳು?”

“ತೋರ್ ಬೆಳ್ಳು, ನಡೂದು, ಉಂಗುರದ್ದು.”

“ನೋಯ್ತದಾ?”

“ಇಲ್ದಿರೋ ಬೆಳ್ಳೇ ನೋಯ್ತಾವೆ ಕಣವ್ವ,” ಎಂದ ದೇವರಾಜ. ಎಂದವನೇ ಗೋಡೆ ಬಿಟ್ಟು ತಾಯಿಯ ಕಡೆ ತಿರುಗಿ, ಬಾಯಿ ತೆರೆದು, ಚಿಕ್ಕ ಹುಡುಗನ ಹಾಗೆ ಅತ್ತ. ಅವರು ಸಮಾಧಾನ ಹೇಳಲಿಲ್ಲ. ಬಟ್ಟೆ ಸುತ್ತಿದ ಕೈಯನ್ನು ಬಿಡಲೂ ಇಲ್ಲ. ಅಳು ತಾನೇ ಇಳಿಯುವವರೆಗೆ ಕಾದರು.

ಆಮೇಲೆ ಉಂಡೆಯಾ ಎಂದು ಕೇಳಿದರು. ಅವನು ಬೆಳಗಿನಿಂದ ಏನೂ ತಿಂದಿರಲಿಲ್ಲ, ತಿನ್ನುವ ಕೈ ಅದೇ. ಮುನಿಯಣ್ಣ ತಂದ ಬನ್ನನ್ನು ಭಾಗ್ಯಮ್ಮ ಟೀಯಲ್ಲಿ ಅದ್ದಿ ಅವನ ಬಾಯಿಗೆ ಇಟ್ಟರು. ಒಂದು ಕೈಯಲ್ಲಿ ತಿನ್ನಿಸುತ್ತಾ, ಇನ್ನೊಂದು ಕೈಯಲ್ಲಿ ಆ ಮೊಂಡುಗೈಯನ್ನು ಮೃದುವಾಗಿ ಸವರುತ್ತಾ, ಮನೆಯ ಹಸು ಕರು ಹಾಕುವ ದಿನ ಹತ್ತಿರವಾಯಿತೆಂದು ಹೇಳತೊಡಗಿದರು. ಅವನು ಅಗಿಯುತ್ತಾ, ಯಾವಾಗ ಎಂದು ಕೇಳಿದ.

ನಾನು ಮಂಚದ ಕಾಲಿನ ಹತ್ತಿರ ನಿಂತು ನೋಡುತ್ತಿದ್ದೆ. ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಅವ್ವನ ಕೈ ಬಾರದಿದ್ದ ಎಡಗೆನ್ನೆ ಸುಮ್ಮಸುಮ್ಮನೆ ಬಿಸಿಯಾಯಿತು. ಹೇಳಿದರೆ ಯಾರೂ ನಂಬುವುದಿಲ್ಲ, ಮೂರು ಬೆರಳು ಕಳೆದುಕೊಂಡ ಆ ಹುಡುಗನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.